ಮಾಡಿಕೊಡುವವರೂ ಕಲಿಸಿಕೊಡುವವರೂ

ಮರವಂತೆಯಲ್ಲಿ ಇಂಟರ್ನೆಟ್ ಇಲ್ಲ ಎಂದರೆ ಯಾರೂ ನಂಬುವುದಿಲ್ಲ. ರಾಷ್ಟ್ರೀಯ ಹೆದ್ದಾರಿ 66ರ ಒಂದು ಮಗ್ಗುಲಲ್ಲಿ ಅರಬ್ಬಿ ಸಮುದ್ರ, ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕಾ. ನಡುವೆ ಕಾರು ನಿಲ್ಲಿಸಿ, ಬೆಂಗಳೂರಿನ ಮನೆಯವರಿಗೆ ವಿಡಿಯೊ ಕಾಲ್ ಮಾಡಿ ಅಲೆ ತೋರಿಸುವವರು ದಿನಾ ಸಿಗುತ್ತಾರೆ. ನದಿಯ ನಡುವಿನ ಕುರು ದ್ವೀಪದವರು ಬಹುಕಾಲ ದೋಣಿಯನ್ನೇ ನೆಚ್ಚಿ ಬದುಕಿದವರು. ಅಲ್ಲಿಗೂ ಸೇತುವೆಗಿಂತ ಮೊದಲು ಮೊಬೈಲ್ ತಲುಪಿತು. ಹಾಗಾಗಿ ಹಳ್ಳಿಯವರನ್ನು ಆನ್‌ಲೈನ್‌ಗೆ ತರಬೇಕು ಎಂಬ ಭಾಷಣದ ಮಾತು ಇಲ್ಲಿ ಸ್ವಲ್ಪ ತಡವಾಗಿ ಬಂದಂತೆ ಕೇಳಿಸುತ್ತದೆ. ಜನ ಆಗಲೇ ಬಂದಾಗಿದೆ. ಆದರೆ ಯಾರ ಕೈ ಹಿಡಿದು ಬಂದರು, ಆ ಕೈ ಬಿಟ್ಟರೆ ತಾವಾಗಿ ನಿಲ್ಲಬಲ್ಲರೇ ಎಂಬುದನ್ನು ಯಾರೂ ಕೇಳಿಲ್ಲ.

ಹೆದ್ದಾರಿ ಬದಿಯ ಯಾವುದಾದರೂ ಜೆರಾಕ್ಸ್ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಮೀನು ಮಾರಿ ಬುಟ್ಟಿ ಖಾಲಿ ಮಾಡಿಕೊಂಡು ಬಂದ ಹೆಂಗಸೊಬ್ಬರು ಸೊಂಟದ ಚೀಲದಿಂದ ಫೋನ್ ತೆಗೆಯುತ್ತಾರೆ. ಮುಂಬೈಯ ಹೋಟೆಲಿನಲ್ಲೋ ಬೆಂಗಳೂರಿನ ಬೇಕರಿಯಲ್ಲೋ ಇರುವ ಮಗ ತಾನು ಹೊಸತು ಕೊಂಡಾಗ ಹಳೆಯದನ್ನು ಅಮ್ಮನಿಗೆ ಕೊಟ್ಟು ಹೋದ ಫೋನ್ ಅದು. ಕವರಿನೊಳಗೆ ಮಡಚಿಟ್ಟ ಆಧಾರ್ ನಕಲು, ಕವರಿನ ಬೆನ್ನಿಗೆ ಬಾಲ್‌ಪೆನ್ನಿನಲ್ಲಿ ಬರೆದ ನಾಲ್ಕು ಅಂಕಿ. "ದುಡ್ಡ್ ಬಂದಿತಾ ಕಾಣ್ ಮಗಾ" ಎಂದು ಫೋನನ್ನೇ ಅಂಗಡಿಯ ಹುಡುಗನ ಕೈಗೆ ಕೊಡುತ್ತಾರೆ. ಅವನು ಆ್ಯಪ್ ತೆರೆದು, ಕವರ್ ತಿರುಗಿಸಿ ಅಂಕಿ ನೋಡಿ ಒತ್ತುತ್ತಾನೆ. "ಬಂದಿತ್ತಮ್ಮ, ಎರ್ಡ್ ಸಾವ್ರ." ಆ ತಾಯಿ ಪರದೆಯನ್ನು ನೋಡುವುದೂ ಇಲ್ಲ, ಹುಡುಗನ ಮುಖ ನೋಡುತ್ತಾರೆ. ಅವರು ಓದಬಲ್ಲ ಪರದೆ ಅದೇ.

ಹುಡುಗನನ್ನು ದೂರಿ ಪ್ರಯೋಜನವಿಲ್ಲ. ಅವನ ಅಂಗಡಿ ಇಲ್ಲದಿದ್ದರೆ ಆಕೆ ಬೈಂದೂರಿಗೋ ಕುಂದಾಪುರಕ್ಕೋ ಬಸ್ಸು ಹತ್ತಬೇಕಿತ್ತು. ಹೆಚ್ಚಿನವರು ಪ್ರಾಮಾಣಿಕರೇ. ಕೆಲಸವೇನೋ ಆಯಿತು, ಕಲಿತದ್ದು ಮಾತ್ರ ಏನೂ ಇಲ್ಲ. ಮುಂದಿನ ತಿಂಗಳು ಮತ್ತೆ ಅದೇ ಅಂಗಡಿ, ಅದೇ ಕವರು, ಅದೇ ನಾಲ್ಕು ಅಂಕಿ. ಡಿಜಿಟಲ್ ಸಾಕ್ಷರತೆಯ ಬಗ್ಗೆ ನನ್ನ ವಾದ ಇಷ್ಟೇ: ನಮ್ಮ ವ್ಯವಸ್ಥೆಯಲ್ಲಿ ಮಾಡಿಕೊಡುವುದಕ್ಕೆ ದುಡ್ಡಿದೆ, ಕಲಿಸಿಕೊಡುವುದಕ್ಕೆ ಇಲ್ಲ. ಎಲ್ಲಿಯವರೆಗೆ ಈ ಲೆಕ್ಕ ಹೀಗಿರುತ್ತದೋ ಅಲ್ಲಿಯವರೆಗೆ ಎಷ್ಟು ಟವರ್ ನೆಟ್ಟರೂ, ಎಷ್ಟು ಫೈಬರ್ ಎಳೆದರೂ, ಆ ತಾಯಿಯ ಪಿನ್ ಬೇರೆಯವರ ಬೆರಳಲ್ಲೇ ಇರುತ್ತದೆ.

2023ರ ಜುಲೈ 19ರಂದು ಆ ಎರಡು ಸಾವಿರದ ಗೃಹಲಕ್ಷ್ಮಿ ಯೋಜನೆಯ ನೋಂದಣಿ ಶುರುವಾದಾಗಿನ ನೂಕುನುಗ್ಗಲು ನೆನಪಿರಬಹುದು. ಗ್ರಾಮ ಒನ್ ಕೇಂದ್ರ, ಪಂಚಾಯಿತಿಯ ಬಾಪೂಜಿ ಸೇವಾ ಕೇಂದ್ರ, ಎಲ್ಲೆಡೆ ಸಾಲು. ಸರ್ವರ್ ಡೌನ್, ನಾಳೆ ಬನ್ನಿ. ನೋಂದಣಿ ಉಚಿತ, ಕೇಂದ್ರದವರಿಗೆ ಅರ್ಜಿಗಿಷ್ಟು ಎಂದು ಸರ್ಕಾರವೇ ಕೊಡುತ್ತದೆ ಎಂದು ಸಾರಿ ಹೇಳಿದರೂ ಅಲ್ಲಲ್ಲಿ ಹಣ ಕೇಳಿದ ಸುದ್ದಿಗಳು ಬಂದವು. ಸುದ್ದಿಯಾದದ್ದು ಲಂಚ. ಸುದ್ದಿಯಾಗದೆ ಉಳಿದದ್ದು ಆ ಏರ್ಪಾಟಿನ ಒಳಗಿನ ತರ್ಕ. ಅರ್ಜಿಗಿಷ್ಟು ಎಂದು ಸಂಪಾದಿಸುವವನಿಗೆ ಎದುರಿಗೆ ಕೂತವರಿಗೆ ಕಲಿಸುತ್ತ ಕೂರುವುದು ಶುದ್ಧ ನಷ್ಟ. ಒಬ್ಬರಿಗೆ ಹತ್ತು ನಿಮಿಷ ಹೇಳಿಕೊಟ್ಟರೆ ಹಿಂದೆ ನಿಂತ ನಾಲ್ವರ ಅರ್ಜಿ ತಪ್ಪುತ್ತದೆ. ಅಲ್ಲದೆ ಕಲಿತವರು ಮುಂದಿನ ಸಲ ಬರುವುದೇ ಇಲ್ಲ. ಗಿರಾಕಿಗೆ ತಿಳಿಯದಿರುವುದೇ ಅಂಗಡಿಯ ಬಂಡವಾಳ. ಇದು ಇವತ್ತಿನ ಕಥೆಯೂ ಅಲ್ಲ. ತಾಲ್ಲೂಕು ಕಚೇರಿಯ ಎದುರು ಮರದ ಕೆಳಗೆ ಕೂತು ಅರ್ಜಿ ಬರೆಯುತ್ತಿದ್ದವರ ಕಾಲದಿಂದ ಬಂದ ಕಸುಬು. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ಬಂದು ಪಹಣಿ ಕಂಪ್ಯೂಟರಿಗೇರಿದಾಗ ಗ್ರಾಮಲೆಕ್ಕಿಗರ ಹಂಗು ತಪ್ಪಿತು ಎಂದು ಹಿಗ್ಗಿದೆವು. ಹಂಗು ಮೇಜು ಬದಲಿಸಿಕೊಂಡು ಕೂತಿತು.

ಹಾಗಾದರೆ ಕಲಿಸುವ ಯೋಜನೆಗಳೇ ಇರಲಿಲ್ಲವೇ? ಇದ್ದವು, ಸಣ್ಣವೂ ಅಲ್ಲ. ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನ 2017ರಲ್ಲಿ ಶುರುವಾಗಿ 2024ರ ಮಾರ್ಚ್ 31ಕ್ಕೆ ಮುಗಿಯಿತು. ಗುರಿ 6 ಕೋಟಿ, ತರಬೇತಿ ಪಡೆದವರು 6.39 ಕೋಟಿ. ಗುರಿ ಮೀರಿದ ಸರ್ಕಾರಿ ಯೋಜನೆ ಎಂದರೆ ಅಪರೂಪವೇ. ಆದರೆ ನಿಯಮಗಳನ್ನು ನೋಡಿ. ಕುಟುಂಬಕ್ಕೆ ಒಬ್ಬರು. ಒಟ್ಟು 20 ಗಂಟೆಯ ಪಾಠ. ವಯಸ್ಸು 14ರಿಂದ 60. ಪರೀಕ್ಷೆ ಪಾಸಾಗಿ ಪ್ರಮಾಣಪತ್ರ ಬಂದ ಮೇಲೆ ತರಬೇತಿ ಕೊಟ್ಟ ಸಂಸ್ಥೆಗೆ ತಲೆಗೆ 300 ರೂಪಾಯಿ.

ಕುಟುಂಬಕ್ಕೆ ಒಬ್ಬರು ಎಂದರೆ ಯಾರು ಹೋಗುತ್ತಾರೆ? ಮನೆಯಲ್ಲಿ ಆಗಲೇ ಅಷ್ಟಿಷ್ಟು ಬಲ್ಲ ಮಗನೋ ಮಗಳೋ. ತಲೆಗೆ 300 ಸಿಗುವ ಸಂಸ್ಥೆಗೂ ಬೇಗ ಪಾಸಾಗುವವರೇ ಬೇಕು. ಇನ್ನು ವಯಸ್ಸಿನ ಮಿತಿ. ನಮ್ಮ ರಾಜ್ಯದಲ್ಲಿ ಸಂಧ್ಯಾ ಸುರಕ್ಷಾ ಪಿಂಚಣಿ ಸಿಗುವುದು 65 ತುಂಬಿದ ಮೇಲೆ. ಪಿಂಚಣಿ ಬಂತೋ ಇಲ್ಲವೋ ಎಂದು ಬ್ಯಾಂಕಿನ ಮೆಟ್ಟಿಲು ಹತ್ತಿಳಿಯುವ ಜೀವಗಳೆಲ್ಲ ಆ ಯೋಜನೆಯ ಲೆಕ್ಕದಲ್ಲಿ ಕಲಿಕೆಯ ವಯಸ್ಸು ದಾಟಿದವರು. ಯಾರಿಗೆ ಎಲ್ಲಕ್ಕಿಂತ ಹೆಚ್ಚು ಬೇಕಿತ್ತೋ ಅವರನ್ನು ಬಾಗಿಲಲ್ಲೇ ನಿಲ್ಲಿಸಿ, ಒಳಗೆ ಬಂದವರಿಗೆ ಪ್ರಮಾಣಪತ್ರ ಹಂಚಿದಂತಾಯಿತು. ಇಲ್ಲಿಯೂ ದುಡ್ಡು ಹೋದದ್ದು ಕಾಗದಕ್ಕೆ. ಪ್ರಮಾಣಪತ್ರ ಪಡೆದವರು ಮೂರು ತಿಂಗಳ ನಂತರ ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಿದ್ದಾರೆಯೇ ಎಂಬುದಕ್ಕೆ ಯಾರೂ ಒಂದು ರೂಪಾಯಿ ಇಟ್ಟಿರಲಿಲ್ಲ.

ಈ ಎಲ್ಲದರ ಹಿಂದೆ ಬಾಯಿಬಿಟ್ಟು ಹೇಳದ ಒಂದು ನಂಬಿಕೆಯೂ ಇದೆ: "ವಯಸ್ಸಾದವರಿಗೆ ಅದೆಲ್ಲ ಆಗುವುದಿಲ್ಲ." ಕರಾವಳಿಯಲ್ಲಿ ಈ ಮಾತು ಆಡುವವರು ಸುತ್ತ ಕಣ್ಣು ಹಾಯಿಸಿಲ್ಲ ಎಂದೇ ಅರ್ಥ. ನಾಡದೋಣಿಯ ಮೀನುಗಾರರು ಜಿಪಿಎಸ್ ಹಿಡಿದು ಬಂಡೆಯಿದ್ದ ಜಾಗ ಗುರುತು ಮಾಡಿಕೊಳ್ಳುತ್ತಾರೆ. ದೊಡ್ಡ ಬೋಟಿನವರು ಫಿಶ್ ಫೈಂಡರ್ ಪರದೆಯ ಬಣ್ಣ ನೋಡಿ ಕೆಳಗಿರುವುದು ಮೀನೋ ಕೆಸರೋ ಎಂದು ಹೇಳುತ್ತಾರೆ. ಮೀನು ಸಿಗಬಹುದಾದ ಜಾಗದ ಬಗ್ಗೆ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ, ಇಂಕಾಯಿಸ್, ಕೊಡುವ ಸೂಚನೆ ಫೋನಿಗೇ ಬರುತ್ತದೆ. ಇವರಲ್ಲಿ ಎಷ್ಟೋ ಮಂದಿ ಶಾಲೆಯಲ್ಲಿ ಹೆಚ್ಚು ದಿನ ಕೂತವರಲ್ಲ. ಯಾವ ತರಬೇತಿ ಕೇಂದ್ರವೂ ಕಲಿಸಿದ್ದಲ್ಲ; ಅದೇ ದೋಣಿಯಲ್ಲಿ ಪಕ್ಕ ಕೂತವನು ಕಲಿಸಿದ್ದು, ದಿನಾ ಬಳಸಿ ಬಂದದ್ದು. ಕಾಸರಗೋಡು, ಕಣ್ಣೂರು, ಕೋಯಿಕ್ಕೋಡ್ ಕರಾವಳಿಯಲ್ಲಿ 1997ರಿಂದ 2001ರ ನಡುವೆ ಮೊಬೈಲ್ ಬಂದಾಗ ಏನಾಯಿತೆಂದು ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞ ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ. ಮೀನು ತುಂಬಿದ ದೋಣಿಯವರು ಯಾವ ದಕ್ಕೆಯಲ್ಲಿ ಒಳ್ಳೆಯ ದರ ಇದೆಯೆಂದು ಸಮುದ್ರದಿಂದಲೇ ಕೇಳಿ ಅಲ್ಲಿಗೇ ತಿರುಗತೊಡಗಿದರು. ಕೊಳ್ಳುವವರಿಲ್ಲದೆ ಮೀನು ಚೆಲ್ಲುವುದು ನಿಂತಿತು. ಮೀನುಗಾರರ ಲಾಭ ಸುಮಾರು ಶೇ 8 ಏರಿತು, ಕೊಳ್ಳುವವರಿಗೆ ಬೆಲೆ ಶೇ 4ರಷ್ಟು ಇಳಿಯಿತು. ಅವರಿಗೂ ಯಾರೂ ಪ್ರಮಾಣಪತ್ರ ಕೊಟ್ಟಿರಲಿಲ್ಲ.

ಮನೆಯೊಳಗೂ ಹಾಗೆಯೇ. ಪಾಸ್‌ವರ್ಡ್ ಎಂದರೆ ಮುಖ ಕಿವುಚುವ ಅಜ್ಜ ಯೂಟ್ಯೂಬಿನ ಮೈಕ್ ಒತ್ತಿ "ಕಾಳಿಂಗ ನಾವಡ" ಎಂದು ಹೇಳಿ ಬೇಕಾದ ಯಕ್ಷಗಾನ ಪ್ರಸಂಗ ಹುಡುಕಿಕೊಳ್ಳುತ್ತಾರೆ. ಮಾರಣಕಟ್ಟೆ ಮೇಳದ ಆಟ ಇವತ್ತು ಎಲ್ಲಿ ಎಂಬುದನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎಲ್ಲರಿಗಿಂತ ಮೊದಲು ನೋಡುವವರೂ ಅವರೇ. ಬೇಕು ಅನಿಸಿದ್ದನ್ನು, ತಪ್ಪಿದರೆ ನಷ್ಟವಿಲ್ಲದ್ದನ್ನು, ಜನ ತಾವಾಗಿ ಕಲಿಯುತ್ತಾರೆ. ನಾವಡರ ಬದಲು ಬೇರೆ ಭಾಗವತರ ಹಾಡು ಬಂದರೆ ಏನೂ ಹೋಗುವುದಿಲ್ಲ. ಬ್ಯಾಂಕಿನ ಆ್ಯಪಿನಲ್ಲಿ ತಪ್ಪು ಒತ್ತಿದರೆ ವರ್ಷದ ಉಳಿತಾಯವೇ ಹೋಗಬಹುದು. ಅಲ್ಲಿ ಹಿಂಜರಿಯುವುದಕ್ಕೆ ದಡ್ಡತನ ಎಂದು ನಾವು ಹೆಸರಿಟ್ಟಿದ್ದೇವೆ. ನಿಜಕ್ಕೂ ಅದು ಲೆಕ್ಕಾಚಾರದ ಭಯ. ಭಯ ಕಳೆಯಲು 20 ಗಂಟೆಯ ಪಾಠ ಸಾಲದು, ನಂಬಿಕೆಯ ಒಬ್ಬ ಮನುಷ್ಯ ಮತ್ತೆ ಮತ್ತೆ ಬೇಕು.

ಇದನ್ನು ಹೇಗೆ ಮಾಡಬೇಕೆಂದು ಕಲಿಯಲು ನಮ್ಮ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ ಕಟ್ಟಿದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಮುಂದೆ ಸಿಂಡಿಕೇಟ್ ಬ್ಯಾಂಕ್, 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ದಿನಕ್ಕೆ ಎರಡಾಣೆಯಿಂದ. ಬ್ಯಾಂಕು ಎಂದರೆ ಸಾಹುಕಾರರದು ಎಂದು ಹೊರಗೇ ನಿಲ್ಲುತ್ತಿದ್ದ ನೇಕಾರರು, ಗೂಡಂಗಡಿಯವರು, ಕೂಲಿಯವರು ಬ್ಯಾಂಕಿಗೆ ಹೋಗಬೇಕಾಗಿರಲಿಲ್ಲ, ಬ್ಯಾಂಕೇ ಸಂಜೆ ಬಾಗಿಲಿಗೆ ಬರುತ್ತಿತ್ತು. ಪಿಗ್ಮಿಯವನು ಊರಿನವನೇ, ಮಾತು ನಮ್ಮದೇ, ನಿನ್ನೆ ಬಂದವನೇ ಇವತ್ತೂ ಬರುವವನು. ಕೊಟ್ಟದ್ದನ್ನು ಎದುರಿಗೇ ಪುಸ್ತಕದಲ್ಲಿ ಬರೆದು ತೋರಿಸುತ್ತಿದ್ದ. ಹೀಗೆ ತಿಂಗಳುಗಟ್ಟಲೆ ನೋಡಿ ನೋಡಿ ಜನ ಖಾತೆ ಎಂದರೇನು, ಬಡ್ಡಿ ಎಂದರೇನು, ಶಿಲ್ಕು ಎಂದರೇನು ಎಂದು ಕಲಿತರು. ಬ್ಯಾಂಕ್ ಸಾಕ್ಷರತೆ ಎಂದು ಯಾರೂ ಕರೆಯಲಿಲ್ಲ, ಆದರೆ ಅದು ಅದೇ ಆಗಿತ್ತು.

ಅಲ್ಲಿ ದುಡ್ಡಿನ ದಾರಿ ಹೇಗಿತ್ತು ನೋಡಿ. ಪಿಗ್ಮಿ ಏಜೆಂಟನಿಗೆ ಸಂಗ್ರಹದ ಮೇಲೆ ಕಮಿಷನ್. ಠೇವಣಿದಾರರು ನಾಳೆಯೂ ಮುಂದುವರಿದರೆ ಮಾತ್ರ ಅವನಿಗೆ ಸಂಪಾದನೆ. ಒಮ್ಮೆ ಸಹಿ ಹಾಕಿಸಿ ಹೋದರೆ ಏನೂ ದಕ್ಕದು. ಜೆರಾಕ್ಸ್ ಅಂಗಡಿಯ ಲೆಕ್ಕಕ್ಕೂ ತಲೆಗೆ 300ರ ಲೆಕ್ಕಕ್ಕೂ ಇದು ತೀರಾ ಬೇರೆ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಅದೇ ದಿನ ಕಾರ್ಪೊರೇಷನ್ ಬ್ಯಾಂಕೂ ಯೂನಿಯನ್ ಬ್ಯಾಂಕಿನ ಪಾಲಾಯಿತು, ಹಿಂದಿನ ವರ್ಷ ವಿಜಯಾ ಬ್ಯಾಂಕ್ ಹೋಗಿತ್ತು. ಬೋರ್ಡುಗಳು ಹೋದದ್ದರ ಬಗ್ಗೆ ನಾವು ಸಾಕಷ್ಟು ಮರುಗಿದ್ದೇವೆ. ಅವು ಜನರನ್ನು ತಲುಪಿದ ಬಗೆಯನ್ನು ಉಳಿಸಿಕೊಳ್ಳುವ ಬಗ್ಗೆ ಅಷ್ಟು ಯೋಚಿಸಿಲ್ಲ.

ಪಕ್ಕದ ಕೇರಳ ಯೋಚಿಸಿತು. 2002ರಲ್ಲೇ ಮಲಪ್ಪುರಂನಲ್ಲಿ ಕಂಪ್ಯೂಟರ್ ಕಲಿಸುವ ಅಕ್ಷಯ ಯೋಜನೆ ಶುರು ಮಾಡಿದ ರಾಜ್ಯ ಅದು. ತಿರುವನಂತಪುರ ಜಿಲ್ಲೆಯ ಪುಲ್ಲಂಪಾರ ಪಂಚಾಯಿತಿ ಮನೆಮನೆಗೆ ಹೋಗಿ ಯಾರಿಗೆ ಏನು ಬರುವುದಿಲ್ಲ ಎಂದು ಪಟ್ಟಿ ಮಾಡಿ, ಉದ್ಯೋಗ ಖಾತ್ರಿ ಕೆಲಸ ನಡೆಯುವ ಜಾಗಕ್ಕೂ ಹಿತ್ತಿಲಿಗೂ ಸ್ವಯಂಸೇವಕರನ್ನು ಕಳಿಸಿ ಕಲಿಸಿತು. 2022ರ ಸೆಪ್ಟೆಂಬರಿನಲ್ಲಿ ಸಂಪೂರ್ಣ ಡಿಜಿಟಲ್ ಸಾಕ್ಷರ ಪಂಚಾಯಿತಿ ಎನಿಸಿಕೊಂಡಿತು. 2025ರ ಆಗಸ್ಟಿನಲ್ಲಿ ಇಡೀ ರಾಜ್ಯವೇ ಹಾಗೆ ಘೋಷಿಸಿಕೊಂಡಿತು. ನೂರು ದಾಟಿದ ಹಿರಿಯರೂ ಕಲಿತರು. ವಯಸ್ಸಿನ ಮಿತಿ ತೆಗೆದುಹಾಕಿದ್ದು, ಕಲಿಯುವವರು ಇದ್ದಲ್ಲಿಗೆ ಹೋದದ್ದು, ಇವೆರಡಕ್ಕೆ ಕೈಮುಗಿಯಬೇಕು. ಘೋಷಣೆಯ ಬಗ್ಗೆ ಮಾತ್ರ ನನಗೆ ಅಷ್ಟು ಉತ್ಸಾಹವಿಲ್ಲ. ಅಕ್ಷರ ಒಮ್ಮೆ ಕಲಿತರೆ ಅದೇ ಅಕ್ಷರ ಇರುತ್ತದೆ, ಆ್ಯಪ್ ಹಾಗಲ್ಲ. ರಾತ್ರಿ ಅಪ್‌ಡೇಟ್ ಆಗಿ ಬೆಳಗ್ಗೆ ಗುಂಡಿ ಬೇರೆ ಕಡೆ ಕೂತಿರುತ್ತದೆ. ಮಗ ಹೊಸ ಫೋನ್ ತಂದುಕೊಟ್ಟರೆ ಅರ್ಧ ಪಾಠ ಮತ್ತೆ ಮೊದಲಿಂದ. ಕಲಿಸಿ ಮುಗಿಯಿತು ಎಂಬ ದಿನಾಂಕ ಈ ವಿದ್ಯೆಗೆ ಇಲ್ಲ.

ಆದ್ದರಿಂದ ಬೇಕಾದದ್ದು ಆಂದೋಲನಕ್ಕಿಂತ ಹೆಚ್ಚಾಗಿ ಒಂದು ಜಾಗ, ಅಲ್ಲಿ ಒಬ್ಬ ಮನುಷ್ಯ. ಎರಡೂ ನಮ್ಮಲ್ಲಿ ಆಗಲೇ ಇವೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. 2020ರ ನವೆಂಬರಿನಲ್ಲಿ ಮಕ್ಕಳಿಗಾಗಿ ಓದುವ ಬೆಳಕು ಕಾರ್ಯಕ್ರಮ ಶುರುವಾಯಿತು. ಮುಂದೆ ಆ ಗ್ರಂಥಾಲಯಗಳಿಗೆ ಅರಿವು ಕೇಂದ್ರ ಎಂದು ಹೆಸರಾಯಿತು. ಗ್ರಾಮ ಡಿಜಿ ವಿಕಸನ ಕಾರ್ಯಕ್ರಮದಲ್ಲಿ ಸಾವಿರಾರು ಗ್ರಂಥಾಲಯಗಳಿಗೆ ಟಿವಿ, ಮೊಬೈಲ್, ಕಂಪ್ಯೂಟರು ಬಂದಿವೆ. ಸಾಧನ ಸಾಕಷ್ಟಿದೆ. ಅದನ್ನು ಬಳಸುತ್ತಿರುವವರು ಬಹುಪಾಲು ಮಕ್ಕಳು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು. ಅದು ಒಳ್ಳೆಯದೇ. ಆದರೆ ಮೀನಿನ ಬುಟ್ಟಿ ಪಕ್ಕಕ್ಕಿಟ್ಟು ಒಳಗೆ ಬಂದು ಕೂರಬಹುದು ಎಂದು ಅನಿಸಬೇಕಾದರೆ ವಾರದಲ್ಲಿ ಎರಡು ಮಧ್ಯಾಹ್ನ ಹಿರಿಯರಿಗೇ ಮೀಸಲಾಗಬೇಕು. ಗ್ರಂಥಾಲಯದ ಮೇಲ್ವಿಚಾರಕರ ಜೊತೆಗೆ ಇನ್ನೊಬ್ಬರು ಇರಬೇಕು, ಅವರಿಗೆ ಸಂಬಳ ಇರಬೇಕು. ಸ್ವಯಂಸೇವೆ ಉತ್ಸಾಹ ಇರುವಷ್ಟು ದಿನ ನಡೆಯುತ್ತದೆ, ಆಮೇಲೆ ಎಲ್ಲರಿಗೂ ಗೊತ್ತು.

ಅಲ್ಲಿಗೆ ಒಂದೇ ನಿಯಮ ಸಾಕು: ಕಲಿಸುವವರು ಕಲಿಯುವವರ ಫೋನ್ ಮುಟ್ಟಬಾರದು. ಇದು ಕೇಳಲು ಸಣ್ಣದು, ಮಾಡಿ ನೋಡಿದರೆ ಗೊತ್ತಾಗುತ್ತದೆ. ಕೈ ತಾನಾಗಿ ಮುಂದೆ ಹೋಗುತ್ತದೆ, "ಕೊಡಿ ಇಲ್ಲಿ" ಎಂದು ಬಾಯಿಗೆ ಬರುತ್ತದೆ. ಮನೆಯಲ್ಲಿ ಮೊಮ್ಮಕ್ಕಳು ಮಾಡುವುದೂ ಅದನ್ನೇ, ಅಂಗಡಿಯ ಹುಡುಗ ಮಾಡುವುದೂ ಅದನ್ನೇ. ಒತ್ತುವುದು ತಡವಾದರೆ ಕಾಯಬೇಕು. ಬೆರಳು ಒಣಗಿ ಒರಟಾಗಿ ಪರದೆಗೆ ತಾಗದಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಒತ್ತಬೇಕು. ವರ್ಷಗಟ್ಟಲೆ ಉಪ್ಪುನೀರು, ಬಲೆಯ ಹಗ್ಗ ಸವೆಸಿದ ಬೆರಳು ಥಂಬ್ ಕೊಡುವಾಗಲೂ ಹಾಗೆಯೇ ಕೈಕೊಡುತ್ತದೆ.

ಪಾಠವೂ ಉದ್ದ ಬೇಡ. ಖಾತೆಗೆ ದುಡ್ಡು ಬಂತೇ ಎಂದು ನೋಡುವುದು. ದುಡ್ಡು ಬರಲು ಪಿನ್ ಹೊಡೆಯಬೇಕಾಗಿಲ್ಲ, ಶಿಲ್ಕು ನೋಡುವಾಗ ಬಿಟ್ಟರೆ ಪಿನ್ ಹೊಡೆದಾಗ ದುಡ್ಡು ಹೋಗುವುದೇ ಹೊರತು ಬರುವುದಿಲ್ಲ ಎಂಬುದು. ಪೊಲೀಸ್ ವೇಷದಲ್ಲಿ ವಿಡಿಯೊ ಕಾಲ್ ಮಾಡಿ ಡಿಜಿಟಲ್ ಅರೆಸ್ಟ್ ಎನ್ನುವವನ ಫೋನ್ ಕತ್ತರಿಸುವುದು. ದುಡ್ಡು ಹೋಗಿಯೇಬಿಟ್ಟರೆ ನಾಚಿಕೆಪಡದೆ ತಕ್ಷಣ 1930ಕ್ಕೆ ಕರೆ ಮಾಡುವುದು. ಕನ್ನಡದಲ್ಲಿ ಟೈಪಿಸಲು ಬಾರದಿದ್ದರೆ ಮಾತಾಡಿ ಬರೆಸುವುದು. ಕನ್ನಡವನ್ನು ಕಂಪ್ಯೂಟರಿಗೆ ಒಗ್ಗಿಸಿದವರಲ್ಲಿ ಮೊದಲಿಗರಾದ ಕೆ.ಪಿ. ರಾವ್ ನಮ್ಮ ಕರಾವಳಿಯವರೇ. ಆ ಸಮಸ್ಯೆಯನ್ನು ಅವರ ತಲೆಮಾರು ಬಗೆಹರಿಸಿ ಕೊಟ್ಟಾಗಿದೆ.

ಇನ್ನೊಂದು ಸಂಗತಿಯನ್ನು ಯಾರೂ ಪಾಠಪಟ್ಟಿಯಲ್ಲಿ ಸೇರಿಸುವುದಿಲ್ಲ. ಮೀನಿನ ಬುಟ್ಟಿಯ ಪಕ್ಕ ಈಗ ಕ್ಯೂಆರ್ ಕೋಡಿನ ಹಲಗೆ ಬಂದಿದೆ. ಬಂಗುಡೆ ಕೊಂಡವರು ಸ್ಕ್ಯಾನ್ ಮಾಡುತ್ತಾರೆ, ದುಡ್ಡು ಬಂತೆಂದು ಪುಟ್ಟ ಪೆಟ್ಟಿಗೆಯೊಂದು ಕನ್ನಡದಲ್ಲೇ ಕೂಗಿ ಹೇಳುತ್ತದೆ. ಎಷ್ಟೋ ಕಡೆ ಆ ಕೋಡು ಮಗನದೋ ಅಳಿಯನದೋ ಖಾತೆಯದು. ಮೊದಲು ಸೆರಗಿನ ಗಂಟಿನಲ್ಲಿ ಇರುತ್ತಿದ್ದ ದುಡ್ಡಿಗೆ ಆಕೆಯೇ ಯಜಮಾನಿ. ಚೀಟಿ ಕಟ್ಟಲು, ಮಗಳಿಗೆ ಗುಟ್ಟಾಗಿ ಕೊಡಲು, ಔಷಧಿಗೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಈಗ ತಾನು ದುಡಿದದ್ದನ್ನು ತಾನೇ ಕೇಳಿ ಪಡೆಯಬೇಕು. ಮೀನುಪೇಟೆ ಆನ್‌ಲೈನ್ ಆಯಿತು ಎಂದು ಫೋಟೊ ಹಾಕಿ ಸಂಭ್ರಮಿಸುವ ಮೊದಲು ಆ ಕೋಡು ಯಾರ ಹೆಸರಿನದು ಎಂದು ಕೇಳಬೇಕು. ಆಕೆಯ ಹೆಸರಿನಲ್ಲೇ ಖಾತೆ ಜೋಡಿಸಿ, ಅದನ್ನು ನೋಡಿಕೊಳ್ಳಲು ಕಲಿಸುವುದು ಯಾವ ಕಂಪ್ಯೂಟರ್ ಪಾಠಕ್ಕಿಂತಲೂ ದೊಡ್ಡದು.

ಇದಕ್ಕೆಲ್ಲ ಇಷ್ಟು ತಲೆಕೆಡಿಸಿಕೊಳ್ಳುವುದೇಕೆ, ಇನ್ನು ಹದಿನೈದು ವರ್ಷದಲ್ಲಿ ಎಲ್ಲರೂ ಫೋನ್ ಹಿಡಿದೇ ಬೆಳೆದವರಾಗಿರುತ್ತಾರೆ ಎನ್ನುವವರಿದ್ದಾರೆ. ರೀಲ್ಸ್ ಮಾಡಬಲ್ಲ ಹುಡುಗರು ಮನೆಯಲ್ಲೇ ಕೂತು ದುಡಿಯಿರಿ ಎಂಬ ಟೆಲಿಗ್ರಾಂ ಸಂದೇಶ ನಂಬಿ ದುಡ್ಡು ಕಳೆದುಕೊಳ್ಳುತ್ತಿರುವುದನ್ನು ದಿನಾ ಓದುತ್ತೇವೆ. ಫೋನ್ ಬಳಸುವುದು ಬೇರೆ, ತನ್ನ ವ್ಯವಹಾರವನ್ನು ಫೋನಿನಲ್ಲಿ ಕಾಪಾಡಿಕೊಳ್ಳುವುದು ಬೇರೆ. ಇವತ್ತು ನಲವತ್ತರವರು ಎಪ್ಪತ್ತು ಮುಟ್ಟುವ ಹೊತ್ತಿಗೆ ಈಗ ಕೈಯಲ್ಲಿರುವುದು ಯಾವುದೂ ಇರುವುದಿಲ್ಲ.

ಹಾಗೆಂದು ಎಲ್ಲರೂ ಕಲಿಯಲೇಬೇಕು, ಕಲಿಯದಿದ್ದರೆ ಅವರ ಹಣೆಬರಹ ಎಂಬ ಕಡೆಗೂ ಈ ವಾದ ಜಾರಬಾರದು. ಶಿರೂರು ಟೋಲ್‌ಗೇಟಿನಲ್ಲಿ 2025ರಲ್ಲಿ ಫಾಸ್ಟ್ಯಾಗ್ ಇಲ್ಲದೆ ನಗದು ಕೊಟ್ಟರೆ ಎರಡು ಪಟ್ಟು ತೆರಬೇಕಿತ್ತು. ಆ ವರ್ಷದ ನವೆಂಬರಿನಲ್ಲಿ ಯುಪಿಐಯಲ್ಲಿ ಕೊಟ್ಟವರಿಗೆ ಮಾತ್ರ ಒಂದೂಕಾಲು ಪಟ್ಟು ಎಂದಾಯಿತು. ಕಾರು ಇಟ್ಟವರಿಗೆ ಅದು ಹೇಗೋ ಆಗುತ್ತದೆ, ಪಡಿತರಕ್ಕೂ ಪಿಂಚಣಿಗೂ ಆ ನೀತಿ ಬರಬಾರದು. 2021ರ ಮೇ ತಿಂಗಳಲ್ಲಿ ಕೋವಿನ್ ಆ್ಯಪಿನಲ್ಲಿ ಹೆಸರು ನೋಂದಾಯಿಸಿದರೆ ಮಾತ್ರ 45ರೊಳಗಿನವರಿಗೆ ಲಸಿಕೆ ಎಂದಾಗ ಹಳ್ಳಿಯವರು ಏನು ಮಾಡಬೇಕು ಎಂದು ಸುಪ್ರೀಂ ಕೋರ್ಟೇ ಸರ್ಕಾರವನ್ನು ಕೇಳಬೇಕಾಯಿತು. ಆ ತಾಣದಲ್ಲಿ ಕನ್ನಡ ಕಾಣಿಸಿಕೊಂಡದ್ದು ಜೂನ್‌ನಲ್ಲಿ. 2025ರ ಏಪ್ರಿಲ್ 30ರ ತೀರ್ಪಿನಲ್ಲಿ ಅದೇ ನ್ಯಾಯಾಲಯ ಡಿಜಿಟಲ್ ಸೌಲಭ್ಯ ಎಟುಕುವಂತಿರುವುದು ಜೀವಿಸುವ ಹಕ್ಕಿನ ಭಾಗ ಎಂದು ಹೇಳಿದೆ. ಹಕ್ಕು ಎಂದಮೇಲೆ ಕಿಟಕಿಯಲ್ಲಿ ಕಾಗದದ ಅರ್ಜಿ ತೆಗೆದುಕೊಳ್ಳುವ ಗುಮಾಸ್ತರೂ ಇರಲೇಬೇಕು. ಕಲಿಯಲು ಆಗದವರು ಸದಾ ಕೆಲವರು ಇರುತ್ತಾರೆ. ಕಣ್ಣು ಕಾಣದವರು, ಕೈ ನಡುಗುವವರು, ಸುಮ್ಮನೆ ಬೇಡ ಎನ್ನುವವರು. ಅವರೂ ಊರಿನವರೇ.

ಇದುವರೆಗೆ ಹೇಳಿದ್ದು ಕಡಲ ಬದಿಯ ಮಾತು; ನಮ್ಮ ತಾಲ್ಲೂಕಿನ ಮೂಡು ಭಾಗದ, ಘಟ್ಟದ ಬುಡದ ಹಳ್ಳಿಗಳ ಕಥೆ ಬೇರೆ. 2020ರಲ್ಲಿ ಆನ್‌ಲೈನ್ ತರಗತಿಗಾಗಿ ಅಲ್ಲಿಯ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ್ದನ್ನು ನೋಡಿದ್ದೇವೆ. ಅಲ್ಲಿ ಟವರ್ ಮೊದಲು, ಪಾಠ ಆಮೇಲೆ. ಕಡಲ ಬದಿಗೆ ಆ ನೆಪ ಇಲ್ಲ.

ದುಡ್ಡು ಎಲ್ಲಿಂದ ಎಂದು ಪಂಚಾಯಿತಿಯವರು ಕೇಳಬಹುದು. ಮನೆ ತೆರಿಗೆಯ ಜೊತೆ ಶೇ 6ರ ಗ್ರಂಥಾಲಯ ಕರವನ್ನು ನಾವು ಕಟ್ಟುತ್ತಲೇ ಬಂದಿದ್ದೇವೆ, ರಸೀದಿಯಲ್ಲಿ ಅದರ ಸಾಲು ಬೇರೆಯೇ ಇರುತ್ತದೆ. ಈ ವರ್ಷ ಅದು ಎಷ್ಟು ಸಂಗ್ರಹವಾಯಿತು, ಎಲ್ಲಿಗೆ ಹೋಯಿತು, ಒಬ್ಬ ಕಲಿಸುವವರ ಸಂಬಳಕ್ಕೆ ಅದರಲ್ಲಿ ಎಷ್ಟು ಸಿಗುತ್ತದೆ ಎಂದು ಗ್ರಾಮಸಭೆಯಲ್ಲಿ ಯಾರಾದರೂ ಎದ್ದು ನಿಂತು ಕೇಳಲಿ. ಜೆರಾಕ್ಸ್ ಅಂಗಡಿಯ ಆ ಹುಡುಗನನ್ನೇ ಈ ಕೆಲಸಕ್ಕೆ ಕರೆದರೂ ಆದೀತು, ಅವನಿಗೆ ಜನರ ಪರಿಚಯ ಇದೆ. ಸಂಬಳದ ಒಂದು ಪಾಲನ್ನು ಮಾತ್ರ ಮೂರು ತಿಂಗಳ ನಂತರ ಕೊಡಬೇಕು, ಕಲಿತವರು ಅವನ ಎದುರೇ ತಮ್ಮ ಕೈಯಾರೆ ಖಾತೆ ತೆರೆದು ತೋರಿಸಿದ ಮೇಲೆ. ಶುರು ಮಾಡಲು ಜೂನ್ ಒಳ್ಳೆಯ ಕಾಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಬೋಟುಗಳು ದಡದಲ್ಲಿರುತ್ತವೆ, ಗಂಗೊಳ್ಳಿಯಿಂದ ಹೋಗುವ ಗಂಡಸರೂ ಮಧ್ಯಾಹ್ನದ ಹೊತ್ತು ಮನೆಯಲ್ಲಿರುತ್ತಾರೆ. ಹೆಂಗಸರನ್ನು ಮೊದಲು ಕರೆಯಿರಿ.